ಸೀಡಿ ಮಾತಾಡದ ಭಾನುವಾರ

ನ್ಯಾಮತಿಯ ನಮ್ಮ ಹೈಸ್ಕೂಲಿನಲ್ಲಿ ಒಂದು ಕೋಣೆಗೆ ಕಂಪ್ಯೂಟರ್ ರೂಮು ಅಂತ ಹೆಸರಿತ್ತು. ಅದಕ್ಕೆ ಬೀಗವೂ ಇತ್ತು. ನಾನು ಗಣಿತದ ಮೇಡಂ. ಬೀಗದ ಕೈ ಇಟ್ಟುಕೊಳ್ಳಲು ಬೇರೆ ಯಾರೂ ಒಪ್ಪದ ಕಾರಣ ಅದು ನನ್ನ ಹತ್ತಿರ ಬಂತು. ಒಳಗೆ ಹಳೆಯ ಕಂಪ್ಯೂಟರುಗಳು ಹಸಿರು ಬಟ್ಟೆ ಹೊದ್ದು ಸಾಲಾಗಿ ಕೂತಿದ್ದವು. ಕೆಲವು ಆನ್ ಆಗುತ್ತಿದ್ದವು, ಆನ್ ಆದವು ಅರ್ಧಕ್ಕೆ ಬಂದು ನಿಲ್ಲುತ್ತಿದ್ದವು. ರಿಪೇರಿಯವರು ಬಂದು ನೋಡಿ, "ಇವು ಹಳೇವು ಮೇಡಂ, ಈಗಿನ ಸಾಫ್ಟ್‌ವೇರು ಇವಕ್ಕೆ ಹಿಡಿಯಲ್ಲ" ಅಂತ ಹೇಳಿ, ಟೀ ಕುಡಿದು ಹೋದರು.

ಆಗ ನನಗೆ ಚನ್ನಗಿರಿಯಲ್ಲಿ ಹಿಂದೊಮ್ಮೆ ನಡೆದ ಶಿಕ್ಷಕರ ತರಬೇತಿಯಲ್ಲಿ ಕೊಟ್ಟ ಸೀಡಿ ನೆನಪಾಯಿತು. ನಮ್ಮ ಕಡೆಯ ಕೆಲವು ಮೇಷ್ಟ್ರುಗಳು, ಡಿಟಿಪಿ ಮಾಡುವವರು, ಕಾಲೇಜು ಹುಡುಗರು ಸೇರಿ ಮಾಡಿದ್ದ ಸೀಡಿ ಅದು. ಲಿನಕ್ಸ್ ಅನ್ನುವ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ಸಿಸ್ಟಮ್ಮಿಗೆ ಕನ್ನಡದ ಮೆನು, ಕನ್ನಡದ ಕೀಬೋರ್ಡು, ಶಾಲೆಯ ಪಾಠಕ್ಕೆ ಬೇಕಾದ ಸಾಫ್ಟ್‌ವೇರುಗಳನ್ನು ಸೇರಿಸಿದ್ದರು. ಸೀಡಿ ಹಾಕಿ ಆನ್ ಮಾಡಿದರೆ ಎಲ್ಲವೂ ಸೀಡಿಯಿಂದಲೇ ಎದ್ದು ಬರುತ್ತಿತ್ತು. ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕನ್ನು ಅದು ಮುಟ್ಟುತ್ತಿರಲಿಲ್ಲ. ಕೆಲಸ ಮುಗಿಸಿ ಸೀಡಿ ತೆಗೆದರೆ ಕಂಪ್ಯೂಟರು ಮೊದಲು ಹೇಗಿತ್ತೋ ಹಾಗೇ ಇರುತ್ತಿತ್ತು. ತರಬೇತಿ ಕೊಟ್ಟ ಮೇಷ್ಟ್ರು ಅವತ್ತು ಹೇಳಿದ್ದು ಚೆನ್ನಾಗಿ ನೆನಪಿದೆ: "ಇನ್ನೊಬ್ಬರ ಮನಿಗೆ ಹೋಗಿ, ಅವರ ಪಾತ್ರೆ ಪಗಡ ಮುಟ್ಟದೆ, ನಮ್ಮ ಬುತ್ತಿ ನಾವು ಉಂಡು ಎದ್ದು ಬಂದಂಗೆ."

ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ಸೀಡಿ ಸಿಕ್ಕಿತು. ಶಾಲೆಯ ಒಂದು ಕಂಪ್ಯೂಟರಿಗೆ ಹಾಕಿದೆ. ಗೊರಗೊರ ಸದ್ದು ಮಾಡಿ, ಬಹಳ ಹೊತ್ತು ಯೋಚಿಸಿ, ಕೊನೆಗೆ ಕನ್ನಡದಲ್ಲಿ ಎದ್ದು ಬಂತು. ಒಂಬತ್ತನೇ ಕ್ಲಾಸಿನ ಹುಡುಗಿಯರು ತಮ್ಮ ಹೆಸರು ಹೊಡೆದು ನೋಡಿ, ಅದನ್ನು ದೊಡ್ಡದು ಮಾಡಿ, ಬಣ್ಣ ಹಾಕಿ, ಒಬ್ಬರಿಗೊಬ್ಬರು ತೋರಿಸಿಕೊಂಡರು. ನನಗೂ ಖುಷಿಯಾಯಿತು. ಆದರೆ ಸ್ವಲ್ಪ ಹೊಸದಾದ ಯಾವ ಕಂಪ್ಯೂಟರಿನಲ್ಲೂ ಆ ಸೀಡಿ ಏಳಲಿಲ್ಲ. ಅದನ್ನು ಹೊಸದು ಮಾಡುವವರು ಈಗ ಯಾರಿದ್ದಾರೆ ಅಂತ ಹುಡುಕಿಕೊಂಡು ಒಂದು ಶನಿವಾರ ಮಧ್ಯಾಹ್ನ ಚನ್ನಗಿರಿಗೆ ಹೋದೆ.

ಆ ತರಬೇತಿಯ ಮೇಷ್ಟ್ರು ರಿಟೈರ್ ಆಗಿದ್ದರು. ಅವರ ಬಲಗೈ ನಡುಗುತ್ತಿತ್ತು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ನಾನು ಬಂದ ಕಾರಣ ಹೇಳಿದೆ.

"ಗುಂಪು ಎಲ್ಲೈತಮ್ಮ ಈಗ? ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ನನಗೆ ನೋಡಿದ್ಯಲ್ಲ, ಕೈ ಹಿಂಗೆ. ಒಂದು ಅಕ್ಷರ ಹೊಡೆಯಾಕೆ ಹೋದ್ರೆ ಮೂರು ಬೀಳ್ತಾವೆ."

"ನಾನು ಕಲ್ತು ಮಾಡ್ಲಾ ಸರ್?" ಅಂದೆ. ಯಾವ ಧೈರ್ಯದಲ್ಲಿ ಅಂದೆನೋ ಗೊತ್ತಿಲ್ಲ.

ಅವರು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಬಟ್ಟೆಯ ಚೀಲ ತಂದರು. ಅದರಲ್ಲಿ ಸೀಡಿ ಕಟ್ಟುವ, ಅಂದರೆ ಹೊಸದಾಗಿ ತಯಾರಿಸುವ, ಸಾಮಾನೆಲ್ಲ ಇದ್ದ ಒಂದು ಡಿಸ್ಕು, ಜೊತೆಗೆ ಬೆರಳುಗಾತ್ರದ ಒಂದು ಪೆನ್‌ಡ್ರೈವು ಇತ್ತು. ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು ಅವರು ಹೇಳಿದರು: "ಇದರಾಗೆ ನಮ್ಮ ಸಹಿ ಕೀಲಿ ಐತೆ, ಸೀಡಿ ನಮ್ಮದೇ ಅಂತ ಗುರುತು ಹಾಕೋ ಫೈಲು. ಸೀಡಿ ಹೊಸದು ಮಾಡಿದಾಗೆಲ್ಲ ಇದರಿಂದ ಸಹಿ ಹಾಕ್ಬೇಕು. ಸಹಿ ಐತೆ ಅಂದ್ರೆ ಜನ ನಂಬಿ ಹಾಕ್ಕೊಳ್ತಾರೆ, ಏನು ಎತ್ತ ಅಂತ ಕೇಳಲ್ಲ. ನೀನು ಏನು ಕಳಿಸಿದ್ರೂ ನಂಬ್ತಾರೆ. ಅದು ನೆನಪಿರಲಿ."

ನಮ್ಮ ಮನೆಯಿರುವ ಹೊನ್ನಾಳಿಗೆ ವಾಪಸ್ ಬರುವ ಬಸ್ಸಿನಲ್ಲಿ ಆ ಪೆನ್‌ಡ್ರೈವನ್ನು ಪರ್ಸಿನ ಒಳ ಜೇಬಿನಲ್ಲಿಟ್ಟು, ಪರ್ಸನ್ನು ಮಡಿಲಲ್ಲಿಟ್ಟು, ಮೇಲೆ ಸೆರಗು ಹೊದಿಸಿಕೊಂಡು ಕೂತಿದ್ದೆ. ಬಸವಾಪಟ್ಟಣದಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕಕ್ಕೆ ಒತ್ತರಿಸಿ ಕೂತಾಗ ಪರ್ಸನ್ನು ಇನ್ನೂ ಒತ್ತಿ ಹಿಡಿದೆ. ಕಳ್ಳರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ ಅಂತ ಗೊತ್ತಿತ್ತು. ಆದರೂ ಹೆದರಿಕೆ ಹೋಗಲಿಲ್ಲ.

ಕಲಿಯಲು ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಸೀಡಿ ಅನ್ನುವುದು ಈಗ ಬರೀ ಮಾತಿಗೆ. ಹೊಸ ಕಂಪ್ಯೂಟರಿಗೆ ಸೀಡಿ ಹಾಕುವ ಬಾಯೇ ಇರುವುದಿಲ್ಲ, ಎಲ್ಲರೂ ಪೆನ್‌ಡ್ರೈವಿಗೇ ಹಾಕಿಕೊಳ್ಳುತ್ತಾರೆ. ಆದರೂ ನಮ್ಮ ಕಡೆ ಅದಕ್ಕೆ ಸೀಡಿ ಅನ್ನುವ ಹೆಸರೇ ಉಳಿದಿದೆ. ಶಾಲೆಯಿಂದ ಬಂದು, ಅಡಿಗೆ ಮುಗಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಸೀಡಿ ಕಟ್ಟಲು ಹಚ್ಚುತ್ತಿದ್ದೆ. ಅದು ಗಂಟೆಗಟ್ಟಲೆ ಓಡುತ್ತಿತ್ತು. ನಮ್ಮ ಮನೆಯವರು ಆ ಕಡೆ ಈ ಕಡೆ ಓಡಾಡುವಾಗ ಇಣುಕಿ, "ಇನ್ನೂ ಬೇಯ್ತಾ ಐತೇನು?" ಅನ್ನುತ್ತಿದ್ದರು. ಎಷ್ಟೋ ಸಲ ಎಲ್ಲ ಮುಗಿಯಿತು ಅನ್ನುವಾಗ ಕೆಂಪು ಅಕ್ಷರದ ಸಾಲೊಂದು ಬಂದು ನಿಂತುಬಿಡುತ್ತಿತ್ತು. ಚನ್ನಗಿರಿ ಸರ್‌ಗೆ ಫೋನಿನಲ್ಲಿ ಓದಿ ಹೇಳಿದರೆ ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರೋ ಏನೋ, ಸ್ವಲ್ಪ ಹೊತ್ತು ಬಿಟ್ಟು, "ಅದರ ಮೇಲಿನ ಸಾಲು ಓದಮ್ಮ" ಅನ್ನುತ್ತಿದ್ದರು.

ಕೊನೆಗೊಂದು ದಿನ ಹೊಸ ಸೀಡಿ ಎದ್ದಿತು. ನ್ಯಾಮತಿಯ ಹಳೆಯ ಕಂಪ್ಯೂಟರಿನಲ್ಲೂ ಎದ್ದಿತು, ನಮ್ಮ ಮನೆಯ ಹೊಸದರಲ್ಲೂ ಎದ್ದಿತು. ಸಹಿ ಹಾಕಿ ಜಾಲತಾಣಕ್ಕೆ ಏರಿಸಿದೆ. ಎಷ್ಟು ಜನ ಇಳಿಸಿಕೊಂಡರು ಅಂತ ಅಲ್ಲಿ ಒಂದು ಅಂಕಿ ತೋರಿಸುತ್ತದೆ. ಅದನ್ನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ. ಯಾರು ಇವರೆಲ್ಲ? ಯಾವ ಊರಿನವರು? ಅವರ ಕಂಪ್ಯೂಟರಿನೊಳಗೆ ಏನೇನಿದೆ? ಮಗುವಿನ ಫೋಟೋ, ಮನೆ ಪತ್ರ, ಯಾರದೋ ಮದುವೆಯ ವೀಡಿಯೋ. ನಾನು ಹೊಡೆದ ಒಂದು ಸಾಲು ತಪ್ಪಿದ್ದರೆ? ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಹುಡುಗಿಯರು ಕೈ ಎತ್ತುತ್ತಾರೆ, ಒರೆಸಿ ಸರಿ ಮಾಡಬಹುದು. ಇಲ್ಲಿ ಕೈ ಎತ್ತುವವರು ಕಣ್ಣಿಗೇ ಕಾಣುತ್ತಿರಲಿಲ್ಲ.

ಮೊದಲು ಕೈ ಎತ್ತಿದವರು ಜಗಳೂರಿನ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವರು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣದು. ನನ್ನ ನಂಬರನ್ನು ಚನ್ನಗಿರಿ ಸರ್ ಹತ್ತಿರ ಇಸಿದುಕೊಂಡು ಫೋನ್ ಮಾಡಿದ್ದರು.

"ಮೇಡಂ, ಹಳೇ ಸೀಡಿ ಮಾತಾಡ್ತಿತ್ರೀ. ಪರದೆ ಮೇಲೆ ಇರೋದನ್ನ ಕನ್ನಡದಾಗೆ ಓದಿ ಹೇಳ್ತಿತ್ತು. ಹೊಸದು ಮೂಗಿ ಆಗೈತೆ."

ಆ ಓದುವ ದನಿಯನ್ನು ಬಳಸುವವರು ಇದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವರು ಅದೊಂದು ಸೀಡಿಯನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಯ ಕಂಪ್ಯೂಟರು, ತರಬೇತಿಯ ಕಂಪ್ಯೂಟರು, ಮನೆಯ ಕಂಪ್ಯೂಟರು ಎಲ್ಲಕ್ಕೂ ಹಾಕುತ್ತಿದ್ದರು. ಯಾವ ಮಷಿನ್ನಿನ ಮುಂದೆ ಕೂತರೂ ಅದು ಅವರಿಗೆ ಮಾತಾಡುತ್ತಿತ್ತು. ಮುಂದಿನ ಕೆಲವು ವಾರ ಅವರು ಫೋನಿನ ಆ ಕಡೆ, ನಾನು ಈ ಕಡೆ. ನಾನು ತಿದ್ದಿ ಕಳಿಸುವುದು, ಅವರು ಹಾಕಿ, "ಈಗ ಬಂತು, ಆದ್ರೆ 'ಳ'ಕ್ಕೆ 'ಲ' ಅಂತೈತೆ" ಅನ್ನುವುದು. ದನಿ ಸರಿಯಾದ ದಿನ ಅವರು ಫೋನನ್ನು ಸ್ಪೀಕರಿನ ಹತ್ತಿರ ಹಿಡಿದರು. "ನಮಸ್ಕಾರ, ಸಿದ್ಧವಾಗಿದೆ" ಅಂತ ಕಬ್ಬಿಣದ ಗಂಟಲಿನಲ್ಲಿ ಯಾರೋ ಹೇಳಿದರು. ನಾವಿಬ್ಬರೂ ನಕ್ಕೆವು.

ಅದಾದ ಮೇಲೆ ಬೇರೆ ಶಾಲೆಗಳವರು ಕೇಳಲು ಶುರುಮಾಡಿದರು. ಅವರಿಗೆ ಸೀಡಿಯಿಂದ ಓಡಿಸುವುದು ಬೇಡ, ಕಂಪ್ಯೂಟರುಗಳೊಳಗೇ ಲಿನಕ್ಸ್ ಖಾಯಮ್ಮಾಗಿ ಕೂರಬೇಕು. ಒಂದೊಂದರ ಮುಂದೆಯೂ ಕೂತು ಅದು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಒತ್ತುತ್ತಾ ಹೋದರೆ ದಿನವೆಲ್ಲ ಬೇಕು. ಅದಕ್ಕೇ ಲ್ಯಾಬುಗಳಿಗೆಂದು ಬೇರೆ ಒಂದನ್ನು ಮಾಡಿದೆ. ಹಾಕಿ ಎಂಟರ್ ಒತ್ತಿದರೆ ಸಾಕು, ಏನನ್ನೂ ಕೇಳದೆ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ತಾನೇ ಕೂತುಕೊಳ್ಳುತ್ತದೆ. ಶಾಲೆಗಳಿಗೆ ಅದು ಬಹಳ ಅನುಕೂಲವಾಯಿತು. ನನ್ನ ಹತ್ತಿರವಿದ್ದ ಅಂಥದೊಂದು ಪೆನ್‌ಡ್ರೈವಿಗೆ ದಾರ ಕಟ್ಟಿ ಕಂಪ್ಯೂಟರ್ ರೂಮಿನ ಗೋಡೆಯ ಮೊಳೆಗೆ ನೇತುಹಾಕಿದ್ದೆ.

ಆ ಭಾನುವಾರ ಬೆಳಿಗ್ಗೆ ನಾನು ಹಿತ್ತಲ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಜಗಳೂರು ಮೇಷ್ಟ್ರ ಫೋನ್ ಬಂತು. ಮಾಮೂಲಿನಂತೆ ಊಟ ತಿಂಡಿ ಕೇಳಲಿಲ್ಲ.

"ಮೇಡಂ, ಹೊಸ ಸೀಡಿ ಹಾಕಿದೆ. ಬೀಪ್ ಬಂತು, ಎಂಟರ್ ಒತ್ತಿದೆ. ಮಾತು ಬರಲಿಲ್ಲ."

"ಯಾವ ಹೊಸದು ಸರ್? ನಾನು ಕಳಿಸಿಲ್ಲವಲ್ಲ."

"ನಿಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ನಿನ್ನೆ ಊರಿಗೆ ಬಂದಾಗ ಕೊಟ್ಟು ಹೋದ್ರು. ಮೇಡಂ ಹೊಸದು ಮಾಡ್ಯಾರೆ ಅಂದ್ರು."

ನಮ್ಮ ಪಿ.ಟಿ. ಮೇಷ್ಟ್ರು ಜಗಳೂರಿನವರು, ಶನಿವಾರ ಊರಿಗೆ ಹೋಗುತ್ತಾರೆ. ಅವರು ಯಾರಿಗಾದರೂ ಒಳ್ಳೆಯದಾಗಲಿ ಅಂತ ಹುಡುಕಿಕೊಂಡು ಸಹಾಯ ಮಾಡುವ ಮನುಷ್ಯ. ನನ್ನ ಕೈಯಲ್ಲಿದ್ದ ಹುಣಸೆ ಹಾಗೇ ಉಳಿಯಿತು.

"ಸರ್, ಆ ಪೆನ್‌ಡ್ರೈವಿನ ಬಣ್ಣ..." ಅಂದವಳು ನಿಲ್ಲಿಸಿದೆ. "ಅದಕ್ಕೆ ದಾರ ಕಟ್ಟೈತಾ ಸರ್?"

"ಹೂಂ, ದಾರ ಐತೆ."

ನಾನು ಮೊಳೆಗೆ ಹಾಕಿದ್ದದ್ದೇ ಅದು. ಅವರೇ ಮುಂದುವರಿಸಿದರು. "ಕಾದೆ ಮೇಡಂ. ಮಾತು ಬರಲಿಲ್ಲ. ಆಮೇಲೆ ಒಳಗೆ ಹಾರ್ಡ್ ಡಿಸ್ಕು ಕರಕರ ಅನ್ನಾಕೆ ಹತ್ತಿತು, ಬಿಡದಂಗೆ. ಸೀಡಿಯಿಂದ ಏಳುವಾಗ ಅದು ಹಂಗೆ ಸದ್ದು ಮಾಡಲ್ಲ, ಸುಮ್ಮನಿರ್ತದೆ. ಏನೋ ಎಡವಟ್ಟಾಗೈತೆ ಅಂತ ಪ್ಲಗ್ ಕಿತ್ತುಬಿಟ್ಟೆ. ಕಿತ್ತಿದ್ದು ತಪ್ಪಾಯ್ತೇನ್ರೀ?"

"ತಪ್ಪಲ್ಲ ಸರ್. ಯಾರು ಹೇಳಿದ್ರೂ ಮತ್ತೆ ಆನ್ ಮಾಡಬ್ಯಾಡ್ರಿ. ಅದರಾಗೆ ಏನೈತೆ ಸರ್?"

"ನನ್ನ ಪಾಠ," ಅಂದರು. "ಎಲ್ಲಾ ಪಾಠ."

ಕಣ್ಣು ಕಾಣದ ಮಕ್ಕಳಿಗಾಗಿ ಅವರು ಎಂಟರಿಂದ ಹತ್ತನೇ ಕ್ಲಾಸಿನವರೆಗಿನ ಪಾಠಗಳನ್ನು ತಮ್ಮ ದನಿಯಲ್ಲಿ ಓದಿ, ವಿವರಿಸಿ, ವರ್ಷಗಳಿಂದ ರೆಕಾರ್ಡ್ ಮಾಡಿದ್ದರು. ಕೇಳಿದ ಮಕ್ಕಳಿಗೆ ಬೇಕಾದ ತುಂಡನ್ನು ಫೋನಿಗೆ ಕಳಿಸುತ್ತಿದ್ದರು. ಮೂಲವೆಲ್ಲ ಆ ಒಂದೇ ಕಂಪ್ಯೂಟರಿನಲ್ಲಿತ್ತು. ಇನ್ನೊಂದು ಪ್ರತಿ ಇದ್ದ ಡಿಸ್ಕು ಹಿಂದಿನ ಮಳೆಗಾಲದಲ್ಲಿ ಕೆಟ್ಟಿತ್ತಂತೆ.

ನಾನು ಕೈ ತೊಳೆದು, ಮನೆಯಲ್ಲಿದ್ದ ದೊಡ್ಡ ಖಾಲಿ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ಮನೆಯವರು, "ಏನಾತು?" ಅಂತ ಹಿಂದೆಯೇ ಬಂದರು. "ಜಗಳೂರಾಗೆ ಒಬ್ಬರ ಕಂಪ್ಯೂಟರ್ ಅಳಿಸೋಗೈತೆ, ನನ್ನ ಸೀಡಿಯಿಂದ" ಅಂದೆ.

ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿ ಬಸ್ಸು ಬದಲಾಯಿಸಿ ಜಗಳೂರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಆ ಸೀಡಿ ಮೊದಲು ಡಿಸ್ಕಿನೊಳಗಿನ ಹಳೆಯ ಗಡಿಗಳನ್ನು ಅಳಿಸಿ ಹೊಸ ಗಡಿ ಹಾಕುತ್ತದೆ, ಹೊಲದ ಬದು ಕಿತ್ತು ಬೇರೆ ಬದು ಹಾಕಿದ ಹಾಗೆ. ಅಷ್ಟರಲ್ಲೇ ಪ್ಲಗ್ ಕಿತ್ತಿದ್ದರೆ ಹೊಲದೊಳಗಿನ ಬೆಳೆ ಇದ್ದೇ ಇರುತ್ತದೆ, ಬದುವಿನ ಗುರುತು ಹುಡುಕಿದರಾಯಿತು. ಆಮೇಲೆ ಅದು ಹೊಸ ಸಾಮಾನನ್ನು ತುಂಬಲು ಹಚ್ಚುತ್ತದೆ. ಅದು ಉಳುಮೆ. ನೇಗಿಲು ಹೋದ ಕಡೆ ಏನೂ ಉಳಿಯುವುದಿಲ್ಲ. ಕರಕರ ಸದ್ದು ಬಿಡದಂಗೆ ಬಂತು ಅಂದಿದ್ದರು. ಬದು ಕೀಳುವುದಕ್ಕೆ ಅಷ್ಟು ಸದ್ದು ಬೇಕಿಲ್ಲ. ಪಕ್ಕದ ಸೀಟಿನ ಅಜ್ಜಿ ಮಂಡಕ್ಕಿ ಪೊಟ್ಟಣ ಬಿಚ್ಚಿ, "ತಗೊಳವ್ವಾ" ಅಂದರು. ಒಂದು ಹಿಡಿ ಇಸಿದುಕೊಂಡೆ. ಜಗಳೂರಿನಲ್ಲಿ ಇಳಿಯುವಾಗ ನೋಡಿದರೆ ಅದು ಇನ್ನೂ ಕೈಯೊಳಗೇ ಬೆವರಿಗೆ ಮೆತ್ತಗಾಗಿತ್ತು.

ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು. "ಬರ್ರಿ ಮೇಡಂ. ಬೆಳಿಗ್ಗೆಯಿಂದ ನೀರೂ ಮುಟ್ಟಿಲ್ಲ ಇವರು."

ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಮೇಷ್ಟ್ರು ಕೂತಿದ್ದರು. ಅದರ ಪ್ಲಗ್ಗು ಅವರ ಮುಷ್ಟಿಯಲ್ಲೇ ಇತ್ತು. ಯಾರಾದರೂ ಮರೆತು ಹಾಕಿಬಿಟ್ಟಾರು ಅಂತ ಕೆಳಗೇ ಇಟ್ಟಿರಲಿಲ್ಲವಂತೆ. ನನ್ನ ದನಿ ಕೇಳಿ ಎದ್ದು ನಿಂತರು, ಪ್ಲಗ್ಗನ್ನು ನನ್ನ ಕಡೆ ಚಾಚಿದರು. ಅದು ಬೆಚ್ಚಗಿತ್ತು.

"ಉಳಿದಾವಾ ಮೇಡಂ?"

"ನೋಡಬೇಕು ಸರ್. ಮೊದಲು ಕರೆಂಟು ಹೆಂಗೆ?"

"ಭಾನುವಾರ ನಂಬಂಗಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತೈತೆ."

ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಇನ್ವರ್ಟರ್ ಇತ್ತು. ಮೇಷ್ಟ್ರ ಹೆಂಡತಿ ಹೋಗಿ ಕೇಳಿದರು. ಆಕೆ ಹೊಲಿಗೆ ನಿಲ್ಲಿಸಿ, ಉದ್ದ ವೈರನ್ನು ಕಾಂಪೌಂಡಿನ ಮೇಲಿಂದ ಹಾಯಿಸಿ ಕೊಟ್ಟರು. ಮೇಷ್ಟ್ರು ದಿನಾ ಬಳಸುತ್ತಿದ್ದ, ಏನನ್ನೂ ಅಳಿಸದ ಸೀಡಿಯನ್ನು ಹಾಕಿ ಆನ್ ಮಾಡಿದೆ. "ನಮಸ್ಕಾರ, ಸಿದ್ಧವಾಗಿದೆ" ಅಂತ ದನಿ ಬಂತು. ಆ ದನಿಗೆ ಮೇಷ್ಟ್ರ ಮುಖ ಒಂದು ಗಳಿಗೆ ಅರಳಿದ್ದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು. ಅವರು ಎಲ್ಲ ಸರಿಹೋಯಿತು ಅಂದುಕೊಂಡಿದ್ದರು. ಪರದೆಯ ಮೇಲೆ ನಾನು ನೋಡುತ್ತಿದ್ದದ್ದು ಬೇರೆ. ಡಿಸ್ಕಿನ ತುಂಬ ಹೊಸ ಗಡಿ. ಅವರ ಫೋಲ್ಡರುಗಳು ಒಂದೂ ಇಲ್ಲ.

"ಹೇಳ್ರಿ ಮೇಡಂ," ಅಂದರು.

"ಹೊಲದ ಬದು ಕಿತ್ತಂಗೆ ಡಿಸ್ಕಿನ ಹಳೇ ಗಡಿ ಹೋಗೈತೆ ಸರ್. ಉಳುಮೆನೂ ಶುರುವಾಗೈತೆ. ಎಷ್ಟು ದೂರ ಹೋಗೈತೆ ಅಂತ ಇನ್ನೂ ಗೊತ್ತಿಲ್ಲ."

ಆ ಡಿಸ್ಕನ್ನು ನೇರವಾಗಿ ಕೆದಕುವ ಹಾಗಿರಲಿಲ್ಲ. ಮೊದಲು ಅದರ ಇಡೀ ಪಡಿಯಚ್ಚನ್ನು ನಾನು ತಂದ ಖಾಲಿ ಡಿಸ್ಕಿಗೆ ಇಳಿಸಿಕೊಳ್ಳಬೇಕು, ಹುಡುಕುವುದು ಅದರಲ್ಲಿ. ಹಚ್ಚಿದೆ. ಮೇಷ್ಟ್ರ ಹೆಂಡತಿ ರೊಟ್ಟಿ, ಹೆಸರುಕಾಳು ಪಲ್ಯ ತಂದಿಟ್ಟರು. ಫ್ಯಾನ್ ನಿಂತಾಗ ಕರೆಂಟು ಹೋಯಿತೆಂದು ತಿಳಿಯಿತು. ನಾನು ತುತ್ತು ಬಾಯಲ್ಲಿಟ್ಟುಕೊಂಡೇ ಪರದೆ ನೋಡಿದೆ. ಇನ್ವರ್ಟರಿನ ಮೇಲೆ ಅದು ಓಡುತ್ತಲೇ ಇತ್ತು. ಗೋಡೆಯಾಚೆಯಿಂದ ಟೈಲರಮ್ಮ, "ಬಂದ್ ಆಗಿಲ್ಲ ತಾನೇ?" ಅಂತ ಕೂಗಿ ಕೇಳಿದರು.

ಕಾಯುವಾಗ ಮೇಷ್ಟ್ರು ತಮ್ಮಷ್ಟಕ್ಕೆ ಮಾತಾಡಿದರು. ಅವರು ಓದುವಾಗ ಅಕ್ಕ ದಿನಾ ಸಂಜೆ ಪಾಠ ಓದಿ ಹೇಳುತ್ತಿದ್ದಳಂತೆ. ಅವಳಿಗೆ ಮದುವೆಯಾಗಿ ತ್ಯಾವಣಿಗೆಗೆ ಕೊಟ್ಟ ವರ್ಷ ಓದಿ ಹೇಳುವವರಿಲ್ಲದೆ ಇವರು ಫೇಲಾದರು. "ಒಬ್ಬರ ಬಾಯಿ ಕಾಯ್ಕೊಂಡು ಕೂರೋದು ಹೆಂಗಿರ್ತದೆ ಅಂತ ನನಗೆ ಗೊತ್ತು. ನನ್ನ ಹುಡುಗರಿಗೆ ಅದು ಬ್ಯಾಡ ಅಂತ ರೆಕಾರ್ಡ್ ಮಾಡಾಕೆ ಹತ್ತಿದೆ" ಅಂದರು. ನಾನು ಹೂಂ ಅಂದೆ.

ನಡುವೆ ಬಾಗಿಲಲ್ಲಿ ನೆರಳಾಡಿತು. ಪಿ.ಟಿ. ಮೇಷ್ಟ್ರು ಬಂದಿದ್ದರು, ಒಳಗೆ ಬರಲೊಲ್ಲದೆ ಹೊಸ್ತಿಲಾಚೆ ನಿಂತಿದ್ದರು. "ಮೊಳೆಗಿತ್ತು ಮೇಡಂ, ಹೊಸದಿರಬೇಕು ಅಂದ್ಕೊಂಡೆ," ಅಂದರು. ಕಣ್ಣು ಒರೆಸಿಕೊಂಡರು. ನನಗೆ ಅವರನ್ನು ಬೈಯಬೇಕೆನಿಸಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಎತ್ತಿಕೊಂಡು ಬರುತ್ತಿದ್ದೆ, ಅಳಿಸುವ ಪೆನ್‌ಡ್ರೈವು, ಅಳಿಸದ ಪೆನ್‌ಡ್ರೈವು ಎರಡೂ ಅಷ್ಟು ಒಂದೇ ಥರ ಇದ್ದವು. ಜಗಳೂರು ಮೇಷ್ಟ್ರು, "ಒಳಗೆ ಬಂದು ಕೂತ್ಕಳ್ರಿ. ನೀವು ಅಲ್ಲಿ ನಿಂತಿದ್ರೆ ನಮಗೆ ಗಾಳಿ ಬರಲ್ಲ" ಅಂದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಪಡಿಯಚ್ಚು ಮುಗಿದು, ಹುಡುಕಾಟ ಶುರುವಾಯಿತು. ಒಂದೊಂದೇ ಫೈಲು ಕಾಣಿಸಿಕೊಳ್ಳತೊಡಗಿತು. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಮೊದಲನೆಯದನ್ನು ಹಾಕಿದೆ. ಬರೀ ಗುಂಯ್ ಅನ್ನುವ ಸದ್ದು. ಎರಡನೆಯದೂ ಹಾಗೇ. ಮೇಷ್ಟ್ರು ಕುರ್ಚಿಯ ಅಂಚನ್ನು ಹಿಡಿದುಕೊಂಡಿದ್ದರು. ಇನ್ನೊಂದನ್ನು ಹಾಕಿದೆ. ಎಲ್ಲೋ ದೂರದಲ್ಲಿ ಕುಕ್ಕರ್ ಕೂಗಿತು, ಯಾರೋ ಕೆಮ್ಮಿದರು, ಆಮೇಲೆ ಅವರದೇ ದನಿ: "ಮಕ್ಕಳೇ, ಹಿಂದಿನ ಪಾಠದಾಗೆ ನದಿಗಳ ಬಗ್ಗೆ ಕೇಳಿದ್ರಿ."

ಅಡಿಗೆಮನೆಯಿಂದ ಅವರ ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತರು. ನದಿಗಳ ಪಾಠ ಕೊನೆಯವರೆಗೂ ಓಡಿತು.

ಎಲ್ಲ ಬರಲಿಲ್ಲ. ಒಂಬತ್ತು, ಹತ್ತನೇ ಕ್ಲಾಸಿನವು ಹೆಚ್ಚುಕಡಿಮೆ ಸಿಕ್ಕಿದವು. ಎಂಟನೇ ಕ್ಲಾಸಿನವು ಇದ್ದ ಜಾಗದ ಮೇಲೇ ನೇಗಿಲು ಹೋಗಿತ್ತು. ಮುಚ್ಚಿಡದೆ ಹೇಳಿದೆ. ಮೇಷ್ಟ್ರು ಬೆರಳಿನಿಂದ ಕೀಬೋರ್ಡಿನ ಅಂಚನ್ನು ಸವರಿದರು.

"ನನಗೆ ಸಿಟ್ಟು ಬಂದೈತೆ ಮೇಡಂ," ಅಂದರು ಕೊನೆಗೆ, ಮೆಲ್ಲಗೆ. "ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ. ಇವತ್ತೊಂದಿನ ಅದು ನಿಮ್ಮ ಮೇಲೇ ಇರಲಿ. ಬ್ಯಾಸರ ಮಾಡ್ಕಬ್ಯಾಡ್ರಿ."

"ಇರಲಿ ಸರ್" ಅಂದೆ.

ಅದೇ ವಾರ ರಜೆಯಿದ್ದ ದಿನ ಚನ್ನಗಿರಿಗೆ ಹೋಗಿ ಸಹಿ ಕೀಲಿಯನ್ನು ಸರ್ ಮುಂದೆ ಮೇಜಿನ ಮೇಲಿಟ್ಟೆ. ನಡೆದದ್ದೆಲ್ಲ ಅವರಿಗೆ ಆಗಲೇ ಗೊತ್ತಾಗಿತ್ತು.

"ನನ್ನ ಕೈಲಾಗಲ್ಲ ಸರ್. ಫೋನ್ ಸದ್ದಾದ್ರೆ ಮೈ ತಣ್ಣಗಾಗ್ತದೆ."

ಅವರು ಆ ಪೆನ್‌ಡ್ರೈವನ್ನು ಮುಟ್ಟಲಿಲ್ಲ. "ಕೈ ನಡುಗ್ತಾವೆ, ಅದಕ್ಕೇ ಬಿಟ್ಟೆ ಅಂತ ನಿನಗೆ ಹೇಳಿದ್ದೆ. ಕೈ ನಡುಗಾಕೆ ಹತ್ತಿದ್ದು ಆಮೇಲೆ ಕಣಮ್ಮ. ಮೊದಲು ಬಿಟ್ಟಿದ್ದು ಹೆದರಿಕೆಗೆ. ಏನೂ ಆಗಿರಲಿಲ್ಲ, ಆದೀತು ಅಂತಾನೇ. ಒಂದು ಸೀಡಿ ಹೊರಗೆ ಹೋಯ್ತು ಅಂದ್ರೆ ಎರಡು ವಾರ ಊಟ ಸೇರ್ತಿರಲಿಲ್ಲ. ಇಲ್ಲಿಟ್ಟು ಹೋಗು. ನಾನಂತೂ ಮಾಡಲ್ಲ. ಸೀಡಿ ನಿಂತು ಹೋಗ್ತದೆ, ಹೋಗಲಿ. ಅದೇನು ಪಾಪ ಅಲ್ಲ."

ಇಟ್ಟು ಬಂದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬಹುಶಃ ಒಂದು ವಾರ ಹಾಗೇ ಕಳೆಯಿತು. ಆಮೇಲೆ ತರಗತಿಯಲ್ಲಿ ಲೆಕ್ಕ ಮಾಡಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂದು ಸೀಮೆಸುಣ್ಣ ಕೈಯಲ್ಲೇ ನಿಂತಿತು. ಕೇಳದೆ ಅಳಿಸುವ ಆ ಸೀಡಿಯನ್ನು ನಾನು ಕತ್ತಲಗೆರೆಯ ಒಂದು ಶಾಲೆಗೆ ಕೊಟ್ಟಿದ್ದೆ. ಅವರು ಇನ್ಯಾರಿಗೆ ಕೊಟ್ಟರೋ. ಅವು ಎಲ್ಲೆಲ್ಲೋ, ಯಾವ ಯಾವ ಮೊಳೆಗೋ ನೇತಾಡುತ್ತಿದ್ದವು. ನಾನು ಕೈ ಬಿಟ್ಟರೆ ಅವು ಹಾಗೇ ಉಳಿಯುತ್ತವೆ. ಅದಕ್ಕಿಂತ ಹೊಸದೊಂದು ಬಂದರೆ ಮಾತ್ರ ಜನ ಹಳೆಯದನ್ನು ಬಿಸಾಡುತ್ತಾರೆ. ಆ ಸಂಜೆಯೇ ಜಗಳೂರು ಮೇಷ್ಟ್ರಿಗೆ ಫೋನ್ ಮಾಡಿದೆ. ಅವರ ಜೊತೆ ಮಾತಾಡಿ ದಿನಗಳಾಗಿದ್ದವು.

"ನಾನೇ ಮಾಡಬೇಕಂತಿದ್ದೆ," ಅಂದರು. ಹತ್ತನೇ ಕ್ಲಾಸಿನ ಹುಡುಗರು ದಿನಾ ಸಂಜೆ ಮನೆಗೆ ಬಂದು, ನಂಬರಿನ ಫೈಲುಗಳನ್ನು ಒಂದೊಂದೇ ಕೇಳಿ, ಪಾಠದ ಹೆಸರು ಹಾಕುತ್ತಿದ್ದರಂತೆ. "ಕೇಳ್ತಾ ಕೇಳ್ತಾ ಅವರಿಗೇ ಬಾಯಿಪಾಠ ಆಗೈತೆ. ಎಂಟನೇದು ಮತ್ತೆ ಓದಾಕೆ ಶುರು ಮಾಡೀನಿ. ಮೊದಲಿನಕಿಂತ ಚಂದ ಬರ್ತಾ ಐತೆ, ಖರೆ ಹೇಳ್ತೀನಿ. ಆದ್ರೂ ಮೊದಲಿಂದು ಹೋಗಬಾರದಿತ್ತು."

ನಾನು ನನ್ನ ಭಯ ಹೇಳಿದೆ. ಅವರು ಯೋಚಿಸಿ, "ಅದು ಕೇಳಲ್ಲ ಅನ್ನೋದಲ್ಲ ಮೇಡಂ ತೊಂದರೆ. ಅದು ಹೇಳಲ್ಲ. ಅಳಿಸ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾನು ಆಗ್ಲೇ ಕಿತ್ತಿರ್ತಿದ್ದೆ" ಅಂದರು.

ಚನ್ನಗಿರಿಗೆ ಮತ್ತೆ ಹೋದೆ. ಪೆನ್‌ಡ್ರೈವು ನಾನಿಟ್ಟ ಮೇಜಿನ ಮೇಲೆ, ನಾನಿಟ್ಟ ಜಾಗದಲ್ಲೇ ಇತ್ತು. ಸರ್ ಏನೂ ಕೇಳಲಿಲ್ಲ, ಅದನ್ನು ಎತ್ತಿಕೊಡಲೂ ಇಲ್ಲ. ನಾನೇ ಎತ್ತಿಕೊಂಡೆ.

ಈಗಿನ ಲ್ಯಾಬ್ ಸೀಡಿ ಎದ್ದ ಕೂಡಲೇ ಮಾತಾಡುತ್ತದೆ. ಕಬ್ಬಿಣದ ಗಂಟಲಿನ ದನಿಯಲ್ಲ, ಜಗಳೂರು ಮೇಷ್ಟ್ರದೇ ದನಿ, ಅವರ ನಡುಮನೆಯಲ್ಲಿ ರೆಕಾರ್ಡ್ ಮಾಡಿದ್ದು: "ಸ್ವಲ್ಪ ತಡೀರಿ. ಇದನ್ನ ಮುಂದುವರಿಸಿದ್ರೆ ಈ ಕಂಪ್ಯೂಟರಿನಾಗೆ ಇರೋದೆಲ್ಲ ಅಳಿಸಿ ಹೋಗ್ತದೆ. ವಾಪಸ್ ಬರಲ್ಲ." ಆಮೇಲೆ 'ಅಳಿಸು' ಅನ್ನುವ ಪದವನ್ನು ಪೂರ್ತಿ ಹೊಡೆದರೆ ಮಾತ್ರ ಅದು ಮುಂದೆ ಹೋಗುತ್ತದೆ. ಯಾವ ಸೀಡಿಯನ್ನೂ ಮೇಷ್ಟ್ರು ಬರೀ ಕಿವಿಯ ಮೇಲೆ ಪೂರ್ತಿ ಓಡಿಸಿ ನೋಡದೆ ನಾನು ಸಹಿ ಹಾಕುವುದಿಲ್ಲ. ಆದರೂ ಸಹಿ ಹಾಕಿ ಏರಿಸುವ ದಿನ ನನ್ನ ಅಂಗೈ ಒದ್ದೆಯಾಗುತ್ತದೆ. ಈ ಸಲವೂ ಆಯಿತು.

ಈ ಸಲದ್ದು ಹೊರಗೆ ಬಂದ ಮಾರನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಸ್ಟಾಫ್ ರೂಮಿನಲ್ಲಿ ಟಿಫಿನ್ ಬಾಕ್ಸ್ ತೆರೆದಿದ್ದೆ. ಎದ್ದು ಜಗಲಿಗೆ ಬಂದು, ಕಂಬ ಹಿಡಿದು ನಿಂತು ಎತ್ತಿದೆ.

"ಸೀಡಿ ಮಾಡ್ತಾರಲ್ಲ, ಆ ಮೇಡಮ್ಮೋರಾ?" ಹೆಂಗಸಿನ ದನಿ. "ನಾನು ಬಸವಾಪಟ್ಟಣದಿಂದ, ಅಂಗನವಾಡಿ ಟೀಚರ್ರು. ನಿನ್ನೆ ನಿಮ್ಮ ಸೀಡಿ ಹಾಕಿದೆ."

"ಹೇಳ್ರಿ," ಅಂದೆ.

"ಎಲ್ಲಾ ಚೆನ್ನಾಗೈತ್ರೀ. ಆದ್ರೆ ಒಂದು..." ಅಂದರು. ಆ ಕಡೆ ಮಕ್ಕಳ ಗಲಾಟೆ. ಯಾರಿಗೋ, "ಸುಮ್ನಿರು, ಮೂಗು ಒರೆಸ್ಕೋ" ಅಂತ ಗದರಿದರು. ನಾನು ಉಸಿರು ಹಿಡಿದು ಕಾದೆ.

"ಆದ್ರೆ ಒಂದು ಗೊತ್ತಾಗ್ತಿಲ್ಲ. 'ಅಕ್ಷರ' ಅಂತ ಹೊಡೆಯಾಕೆ 'ಕ್ಷ' ಹೆಂಗೆ ತರಬೇಕ್ರೀ?"

ಹೇಳಿದೆ. ನಿಧಾನವಾಗಿ, ಯಾವ ಗುಂಡಿಯ ಆಮೇಲೆ ಯಾವ ಗುಂಡಿ ಅಂತ ಎರಡು ಸಲ ಹೇಳಿದೆ. ಅವರು ಒತ್ತಿ ನೋಡಿ, "ಬಂತು ಬಂತು" ಅಂದರು. ಆಮೇಲೆ ಸ್ವಲ್ಪ ತಡೆದು ಕೇಳಿದರು:

"ಯಾಕ್ರೀ ಮೇಡಂ, ಓಡಿ ಬಂದು ಫೋನ್ ಎತ್ತಿದ್ರಾ? ಏದುಸಿರು ಬಿಡ್ತಿದ್ದೀರಲ್ಲ."